ಕೌಂಟರಿನ ಹಿಂದೊಂದು ಸ್ಟೂಲು

ಪ್ರಶ್ನೆ: ದಾದರಿನ ಸೀರೆ ಅಂಗಡಿಗಳಲ್ಲಿ ಸೇಲ್ಸ್‌ಗರ್ಲ್‌ಗಳು ಇಡೀ ದಿನ ನಿಂತೇ ಇರುತ್ತಾರೆ. ವಿಕ್ಟೋರಿಯಾ ರಾಣಿಯ ಕಾಲದಲ್ಲೇ ಇಂಗ್ಲೆಂಡಿನಲ್ಲಿ ಇಂಥವರಿಗೆ ಸ್ಟೂಲು ಹಾಕಿಕೊಡಬೇಕೆಂಬ ಕಾನೂನು ಇತ್ತಂತೆ, ನಿಜವೇ? ಅವರಿಗೆ ಬಿಡುವಾದರೂ ಸಿಗುತ್ತಿತ್ತೇ?
– ಓದುಗರು, ಮಾಟುಂಗಾ

ಉತ್ತರ: ನಿಜ, 1899ರ ಕಾಯ್ದೆ. ಒಂದು ಕೋಣೆಯಲ್ಲಿ ಕೆಲಸಕ್ಕಿರುವ ಪ್ರತಿ ಮೂವರು ಹೆಂಗಸರಿಗೆ ಕನಿಷ್ಠ ಒಂದು ಆಸನ, ಕೌಂಟರಿನ ಹಿಂದೆಯೋ ಅನುಕೂಲವಾದ ಬೇರೆ ಕಡೆಯೋ ಇರಬೇಕು. ಮರುವರ್ಷ ಡಿಸೆಂಬರಿನಲ್ಲಿ ಫ್ರಾನ್ಸ್ ಎಷ್ಟು ಹೆಂಗಸರೋ ಅಷ್ಟು ಆಸನ ಎಂದಿತು. ಸ್ಟೂಲು ಬಂತು, ಕೂರುವ ಧೈರ್ಯ ಬರಬೇಕಲ್ಲ! ಕೂತವಳು ಸೋಮಾರಿ ಎಂಬುದು ಮೇಲ್ವಿಚಾರಕರ ಎಣಿಕೆ. ಗಿರಾಕಿ ಇಲ್ಲದಾಗಲೂ ಥಾನು ಸುತ್ತುತ್ತಲೋ ಧೂಳು ಒರೆಸುತ್ತಲೋ ಇರಬೇಕಿತ್ತು. ನಮ್ಮ ಕಡೆ ಕಲ್ಲಿಕೋಟೆಯ ಜವಳಿ ಅಂಗಡಿಯ ಹೆಂಗಸರು ಇದಕ್ಕಾಗಿಯೇ ಹೋರಾಡಿದರು. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕೂರುವ ಹಕ್ಕನ್ನು ಕಾನೂನಿಗೆ ಸೇರಿಸಿದವು.

ಅಂದಹಾಗೆ, ನಿಲ್ಲುವುದು ಬಟ್ಟೆ ವ್ಯಾಪಾರದ ಹುಟ್ಟುಗುಣವೇನಲ್ಲ. ನಮ್ಮ ಮುಂಬಯಿಯ ಮೂಲ್ಜಿ ಜೇಠಾ ಬಟ್ಟೆ ಮಾರ್ಕೆಟ್ಟಿನ ಗಾದಿಗಳಲ್ಲಿ ಬಿಳಿ ಹಾಸಿನ ಮೇಲೆ ಮಾರುವವರೂ ಕೂರುತ್ತಿದ್ದರು, ಕೊಳ್ಳುವವರೂ ಕೂರುತ್ತಿದ್ದರು. ನಿಲ್ಲಿಸಿದ್ದು ಕೌಂಟರು. ಗಾದಿಯ ಮೇಲೆ ಸೇಠ್, ಕೌಂಟರಿನ ಹಿಂದೆ ಹುಡುಗಿ; ವ್ಯತ್ಯಾಸ ಅಲ್ಲೇ ಇದೆ.

ಇನ್ನು ಬಿಡುವು. ಬ್ರಿಟನ್ನಿನ 1886ರ ಕಾಯ್ದೆ 18 ವರ್ಷದೊಳಗಿನವರ ದುಡಿಮೆಗೆ ವಾರಕ್ಕೆ 74 ಗಂಟೆಯ ಮಿತಿ ಹಾಕಿತು, ಊಟದ ಹೊತ್ತೂ ಸೇರಿ. ಆರು ದಿನಕ್ಕೆ ಹಂಚಿದರೆ ದಿನಕ್ಕೆ 12 ಗಂಟೆ 20 ನಿಮಿಷ! ದೊಡ್ಡವರಿಗೆ ಆ ಮಿತಿಯೂ ಇಲ್ಲ. ತಪಾಸಣೆಗೆ ಯಾರನ್ನೂ ನೇಮಿಸದ ಕಾರಣ ಕಾಯ್ದೆ ಹೆಸರಿಗಷ್ಟೇ ಉಳಿಯಿತು. 1892ರಲ್ಲಿ ಬಂದ ಕಾಯ್ದೆಯೂ ಸ್ಥಳೀಯ ಆಡಳಿತ ಇನ್‌ಸ್ಪೆಕ್ಟರನ್ನು ನೇಮಿಸ'ಬಹುದು' ಎಂದಿತೇ ಹೊರತು 'ಬೇಕು' ಎನ್ನಲಿಲ್ಲ. ಬಾಗಿಲು ಹಾಕಿದ ಮೇಲೂ ಬಿಚ್ಚಿದ ಬಟ್ಟೆಯನ್ನೆಲ್ಲ ಮಡಚಿ, ಸರಕಿಗೆ ಧೂಳಿನ ಹೊದಿಕೆ ಹಾಕಿಯೇ ಹೊರಡಬೇಕು. ಹೋಗುವುದಾದರೂ ಎಲ್ಲಿಗೆ? ಎಷ್ಟೋ ಜನರ ವಾಸ ಮಾಲೀಕರ ಹಾಸ್ಟೆಲಿನಲ್ಲೇ. ಊಟ, ವಸತಿ ಸಂಬಳದ ಭಾಗ. ರಾತ್ರಿ ಗೇಟು ಹಾಕುವ ಹೊತ್ತಿಗೆ ಬರದಿದ್ದರೆ ದಂಡ. ಕೆಲಸ ಹೋದರೆ ಸೂರೂ ಹೋಯಿತು.

ಪ್ಯಾರಿಸ್ಸಿನ ಬೋಂ ಮಾರ್ಶೆ ಮಳಿಗೆ ಸಿಬ್ಬಂದಿಗೆ ಸಂಜೆ ಸಂಗೀತ, ಇಂಗ್ಲಿಷ್ ಪಾಠ ಏರ್ಪಡಿಸುತ್ತಿತ್ತು. ಬ್ರಿಟನ್ನಿನಲ್ಲಿ ನಿಜವಾದ ಬಿಡುವು ಸಿಕ್ಕಿದ್ದು 1911ರ ಕಾಯ್ದೆಯಿಂದ: ವಾರದಲ್ಲೊಂದು ದಿನ ಮಧ್ಯಾಹ್ನ ಒಂದೂವರೆಯ ನಂತರ ಕೆಲಸವಿಲ್ಲ. ಒಂದೇ ಮಧ್ಯಾಹ್ನ ಊರಿನ ಅಂಗಡಿಗಳೆಲ್ಲ ಮುಚ್ಚಿದರೆ ಗೆಳತಿಯರು ಕೂಡಿ ಸೈಕಲ್ ಸವಾರಿಗೋ ಆಟಕ್ಕೋ ಹೋಗಬಹುದು. ಅರ್ಧ ರಜೆಯ ಪದ್ಧತಿ ಕಾಯ್ದೆಗಿಂತ ಹಳೆಯದು. ಶೆಫೀಲ್ಡ್ ವೆನ್ಸ್‌ಡೇ ಫುಟ್‌ಬಾಲ್ ಕ್ಲಬ್ಬಿನ ಹೆಸರಿನಲ್ಲಿರುವ ಬುಧವಾರ ಅದರದ್ದೇ ಗುರುತು.

ಪ್ರಶ್ನೆ: ದಾದರಿನಲ್ಲಿ ಸೋಮವಾರ ಅಂಗಡಿ ಬಂದ್ ಇರುತ್ತಿತ್ತು. ಈಗ ಎಷ್ಟೋ ಕಡೆ ತೆರೆದಿರುತ್ತವೆ, ಏಕೆ?
– ಓದುಗರು, ಡೊಂಬಿವಲಿ

ಉತ್ತರ: 1939ರ ಮುಂಬಯಿ ಅಂಗಡಿ ಕಾಯ್ದೆಯ ಜಾಗಕ್ಕೆ ಬಂದ 1948ರ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆ, 5 ಗಂಟೆಯ ದುಡಿಮೆಗೆ ಒಂದು ಗಂಟೆ ವಿಶ್ರಾಂತಿ ಎಂದು ಗೊತ್ತುಮಾಡಿ, ವಾರಕ್ಕೊಂದು ದಿನ ಬಾಗಿಲು ಹಾಕಿಸಿತು. 2017ರ ಕಾಯ್ದೆ ಬಂದ ಮೇಲೆ ವರ್ಷದ 365 ದಿನವೂ ತೆರೆದಿಡಬಹುದು. ಕೆಲಸದವರಿಗೆ ಸರದಿಯಲ್ಲಿ ವಾರದ ರಜೆ. ಅಂಗಡಿಗೇ ಬೀಗ ಬಿದ್ದಾಗ 'ಇವತ್ತೊಂದು ದಿನ ಬಾ' ಎನ್ನುವುದು ಕಷ್ಟ. ಸರದಿಯಲ್ಲಿ ಅದು ಸುಲಭ, ದೀಪಾವಳಿ ಸೀಸನ್ನಿನಲ್ಲಂತೂ ಕೇಳುವುದೇ ಬೇಡ. ಹಾಗಾಗಿ ನೀವು ಅಂಗಡಿ ಕೆಲಸದಲ್ಲಿದ್ದರೆ ರಜೆಯ ಪಾಳಿಪಟ್ಟಿಯ ಒಂದು ಪ್ರತಿ ಇಟ್ಟುಕೊಳ್ಳಿ. ತಪ್ಪಿದ ರಜೆಗೆ ಬದಲಿ ರಜೆಯನ್ನು ಎರಡು ತಿಂಗಳೊಳಗೆ ಕೇಳಿ ಪಡೆಯಿರಿ.