ಬೂಟಿನ ದಾರ ಕಟ್ಟಿಕೊಂಡ ಮೇಲೆ ಕೇಳಿದ ಪ್ರಶ್ನೆ

ನಿಮಗೆ 33 ವರ್ಷ, ಬೆಂಗಳೂರಿನ ಕೆಲಸದಲ್ಲಿ ರುಚಿ ಉಳಿದಿಲ್ಲ, ಕಾಲೇಜಿನ ಇಬ್ಬರು ಗೆಳೆಯರು ದೂರವಾಗಿದ್ದಾರೆ. ಮೂವರೂ ಬೈಕಿನಲ್ಲಿ ಲಡಾಖಿಗೆ ಹೋಗಿಬಂದರೆ ಗೆಳೆತನವೂ ಬದುಕಿಗೊಂದು ಗುರಿಯೂ ಸಿಗಬಹುದೇ ಎಂದು ಕೇಳಿದ್ದೀರಿ. ನನ್ನ ವಿಷಯದಲ್ಲಿ ಲಡಾಖಿನ ಜಾಗದಲ್ಲಿ ಅಘನಾಶಿನಿ ಹೊಳೆಯಿತ್ತು, ಬೈಕಿನ ಜಾಗದಲ್ಲಿ ಕಾಲುಗಳಿದ್ದವು. ಉಳಿದದ್ದೆಲ್ಲ ನಿಮ್ಮದೇ ಕಥೆ.

ನಾನು ಶಿರಸಿಯ ಕಡೆಯವನು. 2016ರ ಡಿಸೆಂಬರಿನಲ್ಲಿ ಒಂದು ತಿಂಗಳು ರಜೆ ಹಾಕಿ ಊರಿಗೆ ಬಂದವನ ತಲೆಯಲ್ಲಿ ಒಂದೇ ಯೋಚನೆಯಿತ್ತು: ಶಿರಸಿಯ ಶಂಕರ ಹೊಂಡದಿಂದ ಹೊರಟು, ಹೊಳೆಯ ಜೊತೆಜೊತೆಗೆ ಘಟ್ಟ ಇಳಿದು, ತದಡಿಯಲ್ಲಿ ಅದು ಕಡಲು ಸೇರುವವರೆಗೆ ನಡೆಯಬೇಕು. ಸುಮಾರು 120 ಕಿಲೋಮೀಟರ್, ಎಂಟು ದಿನ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಸಾಲು ಅಣೆಕಟ್ಟುಗಳಿವೆ, ಶರಾವತಿಗೆ ಲಿಂಗನಮಕ್ಕಿಯಿದೆ. ಅಘನಾಶಿನಿಗೆ ಮಾತ್ರ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಎಲ್ಲಿಯೂ ತಡೆಯಿಲ್ಲದೆ ಹರಿಯುವ ಹೊಳೆಯ ಜೊತೆ ನಡೆದರೆ ನನ್ನೊಳಗೆ ಕಟ್ಟಿಕೊಂಡದ್ದೂ ಬಿಡಿಸಿಕೊಳ್ಳುತ್ತದೆಂದು ನಾನು ನಂಬಿದ್ದೆ, ಮಾತ್ರವಲ್ಲ, ಕಂಡಕಂಡವರಿಗೆಲ್ಲ ಹಾಗೆ ಹೇಳಿಕೊಂಡೂ ಬಂದಿದ್ದೆ. ಜೊತೆಗೆ ಇಬ್ಬರು ಬಾಲ್ಯದ ಗೆಳೆಯರು ಹೊರಟರು. ಒಬ್ಬ ಹುಬ್ಬಳ್ಳಿಯಲ್ಲಿ ಮೇಷ್ಟ್ರು. ಇನ್ನೊಬ್ಬ ಊರಿನಲ್ಲೇ ಅಡಿಕೆ ತೋಟ ನೋಡಿಕೊಂಡಿದ್ದವನು. ಅಡಿಕೆ ಗೊನೆಗಳ, ಅಂದರೆ ನಮ್ಮ ಕಡೆಯ ‘ಕೊನೆ’ಗಳ, ಕೊಯ್ಲಿಗೆ ಹತ್ತೇ ದಿನ ಉಳಿದಿದ್ದರೂ ನನ್ನ ಒತ್ತಾಯಕ್ಕೆ ಬಂದವನು.

ಮೂರನೆಯ ದಿನ ಉಂಚಳ್ಳಿ ಜಲಪಾತದ ಹತ್ತಿರಕ್ಕೆ ಬಂದಿದ್ದೆವು. 116 ಮೀಟರ್ ಎತ್ತರದಿಂದ ಬೀಳುವ ನೀರಿನ ಅಬ್ಬರಕ್ಕೆ ಕಿವಿ ಕೆಪ್ಪಾಗುತ್ತದೆಂದು ಅದಕ್ಕೆ ಕೆಪ್ಪಜೋಗ ಎಂಬ ಹೆಸರೂ ಇದೆ. ಅದನ್ನು ನೋಡುವ ಮೊದಲೇ, ದಾರಿಯಲ್ಲಿದ್ದ ಒಂದು ಸಣ್ಣ ಹಳ್ಳ ದಾಟುವಾಗ ತೋಟದ ಗೆಳೆಯ ಪಾಚಿಗಟ್ಟಿದ ಬಂಡೆಯ ಮೇಲೆ ಜಾರಿ ಕಾಲು ಹೊರಳಿಸಿಕೊಂಡನು. ಹತ್ತಿರದ ತೋಟದ ಮನೆಯವರು ಬೆಲ್ಲ ನೀರು ಕೊಟ್ಟು ಜಗಲಿಯಲ್ಲಿ ಮಲಗಿಸಿದರು. ನಾನು ಎಣ್ಣೆ ಹಚ್ಚಿ ಕಾಲು ತಿಕ್ಕಿದೆ, ಉಳುಕಿರಬೇಕೆಂದು ನಾನೇ ತೀರ್ಮಾನ ಕೊಟ್ಟೆ. ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆದನಲ್ಲ, ಎಲುಬು ಮುರಿದಿದ್ದರೆ ನಡೆಯಲಾಗುತ್ತಿತ್ತೇ ಎಂಬುದು ನನ್ನ ತರ್ಕ. ಕೆಲವೊಮ್ಮೆ ಮುರಿದ ಕಾಲಿನಲ್ಲೂ ನಡೆಯಬಹುದೆಂದು ಆಮೇಲೆ ತಿಳಿಯಿತು.

ನನ್ನ ತಪ್ಪು ಅದಲ್ಲ. ವೈದ್ಯಕೀಯ ಗೊತ್ತಿಲ್ಲದವನು ಉಳುಕು ಎಂದುಕೊಳ್ಳುವುದು ಕ್ಷಮಿಸಬಹುದಾದ ವಿಷಯ. ತಪ್ಪು ನಡೆದದ್ದು ಮರುದಿನ ಬೆಳಿಗ್ಗೆ ಏಳು ಗಂಟೆಗೆ, ಮತ್ತು ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಾನು ಮೊದಲು ಚೀಲ ಕಟ್ಟಿದೆ. ನೀರಿನ ಬಾಟಲಿ ತುಂಬಿಸಿದೆ. ಜಗಲಿಯ ಮೆಟ್ಟಿಲ ಮೇಲೆ ಕುಳಿತು ಬೂಟು ಹಾಕಿಕೊಂಡು ದಾರಕ್ಕೆ ಎರಡೆರಡು ಗಂಟು ಬಿಗಿದೆ. ಇಷ್ಟೆಲ್ಲ ಮುಗಿದ ಮೇಲೆ ಎದ್ದು ನಿಂತು, ಚಾಪೆಯ ಮೇಲೆ ಮಲಗಿದ್ದವನನ್ನು ಕೇಳಿದೆ: ‘ಎಂತ ಮಾಡದು, ನಾವು ಮುಂದೆ ಹೋಗದಾ?’ ಅವನು ನನ್ನ ಮುಖ ನೋಡಲಿಲ್ಲ, ಬೂಟು ನೋಡಿದನು. ‘ಎಂತೂ ಆಜಿಲ್ಲೆ, ನಿಂಗ ಹೋಗಿ’ (ಏನೂ ಆಗಿಲ್ಲ, ನೀವು ಹೋಗಿ) ಎಂದನು. ಕೇಳಿದ್ದೇನೆ, ಒಪ್ಪಿದ್ದಾನೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ನಡೆದೆ. ಅದೇ ಪ್ರಶ್ನೆಯನ್ನು ಹಿಂದಿನ ರಾತ್ರಿ ಅವನ ಚಾಪೆಯ ಪಕ್ಕದಲ್ಲಿ ಬರಿಗಾಲಿನಲ್ಲಿ ಕುಳಿತು ಕೇಳಿದ್ದರೆ ಬೇರೆ ಉತ್ತರ ಬರುತ್ತಿತ್ತು. ಗಂಡಸರ ಗೆಳೆತನದಲ್ಲಿ ನೋವನ್ನು ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿ ಮೊದಲೇ ಕಡಿಮೆ. ಹೊರಟು ನಿಂತವನ ಎದುರಿಗಂತೂ ಯಾರೂ ಹೇಳುವುದಿಲ್ಲ.

ಉಳಿದ ದಾರಿಯ ಬಗ್ಗೆ ಬರೆಯುವುದು ಹೆಚ್ಚೇನಿಲ್ಲ. ಮಿರ್ಜಾನ್ ಕೋಟೆ ದಾಟಿ ತದಡಿ ಸೇರಿದಾಗ ಇಳಿತದ ಹೊತ್ತು. ಹೆಂಗಸರು ಮೊಣಕಾಲುದ್ದದ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸುತ್ತಿದ್ದರು. ಶಿರಸಿಯಿಂದ ನಡೆದು ಬಂದೆವೆಂದು ಹೆಮ್ಮೆಯಿಂದ ಹೇಳಿದ್ದಕ್ಕೆ ಒಬ್ಬಾಕೆ ‘ಬಸ್ಸು ಇರ್ಲಿಲ್ವಾ?’ ಎಂದು ಕೇಳಿ ಮತ್ತೆ ಬಗ್ಗಿದರು. ನನ್ನ ಸಾಹಸದ ಬಗ್ಗೆ ಬಂದ ಅತ್ಯಂತ ಸರಿಯಾದ ವಿಮರ್ಶೆ ಅದೇ ಎಂದು ಈಗ ಅನ್ನಿಸುತ್ತದೆ. ಗುರಿಯೂ ಸಿಗಲಿಲ್ಲ, ಜನವರಿಯಲ್ಲಿ ಅದೇ ಕಚೇರಿಯ ಅದೇ ಕುರ್ಚಿಗೆ ಮರಳಿದೆ.

ಗೆಳೆಯನ ಕಾಲಿನ ಹೊರಗಿನ ಗಂಟಿನ ಎಲುಬು ಮುರಿದಿತ್ತು. ಎರಡು ದಿನ ಕಾದು, ಆ ಮನೆಯವರೇ ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಆರು ವಾರ ಪ್ಲಾಸ್ಟರು. ಆ ವರ್ಷ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಬರುವ ದಿನ ತಪ್ಪಿತು, ಹಸಿಯಾಗಿ ಸುಲಿದು ಬೇಯಿಸಿ ಕೆಂಪಡಿಕೆ ಮಾಡಬೇಕಿದ್ದ ಕೊನೆಗಳು ಮರದಲ್ಲೇ ಹಣ್ಣಾದವು. ನಾನು ಫೋನಿನಲ್ಲಿ ಕ್ಷಮೆ ಕೇಳಿದೆ, ಅವನು ಫೋನಿನಲ್ಲಿ ಪರವಾಗಿಲ್ಲ ಎಂದನು, ಆಮೇಲೆ ಎರಡು ವರ್ಷ ಮಾತಿಲ್ಲ.

2018ರ ಕೊಯ್ಲಿನಲ್ಲಿ ಹೇಳದೆ ಕೇಳದೆ ಅವನ ಮನೆಗೆ ಹೋದೆ. ರಾತ್ರಿ ಊಟವಾದ ಮೇಲೆ ಅಂಗಳದಲ್ಲಿ ಏಳೆಂಟು ಜನ ಅಡಿಕೆ ಸುಲಿಯಲು ಕುಳಿತಿದ್ದರು. ಅವನು ಒಂದು ಖಾಲಿ ಮೆಟ್ಟುಗತ್ತಿಯನ್ನು ನನ್ನ ಕಡೆಗೆ ಸರಿಸಿದನು, ಅಷ್ಟೇ. ಮೊದಲ ಗಂಟೆಯಲ್ಲೇ ಹೆಬ್ಬೆರಳು ಕೊಯ್ದುಕೊಂಡೆ, ಹಸಿ ಅಡಿಕೆಯ ಚೊಗರು ರಸದಿಂದ ಅಂಗೈ ಕಪ್ಪಾಯಿತು. ಮೂರನೆಯ ರಾತ್ರಿ, ಕಣ್ಣು ಕತ್ತಿಯ ಮೇಲೆಯೇ ಇರುವಾಗ, ಎಲುಬು ಮುರಿದ ಸದ್ದು ಹಳ್ಳದಲ್ಲೇ ತನಗೆ ಕೇಳಿತ್ತೆಂದು ಹೇಳಿದನು. ಅಂದಿನಿಂದ ಪ್ರತಿ ವರ್ಷ ಕೊಯ್ಲಿಗೆ ಹತ್ತು ದಿನ ರಜೆ ಹಾಕುತ್ತೇನೆ. ಅದನ್ನು ಜೀವನದ ಗುರಿ ಎಂದು ಕರೆಯುವಷ್ಟು ಧೈರ್ಯ ನನಗಿಲ್ಲ, ಆದರೆ ಆ ಹತ್ತು ದಿನ ಗುರಿಯ ನೆನಪೇ ಬರುವುದಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಗುರಿ ಹುಡುಕಿಕೊಂಡು ಹೊರಟವನು ಜೊತೆಯವರಿಗೆ ಅಪಾಯಕಾರಿ, ಏಕೆಂದರೆ ಅವನಿಗೆ ಕೊನೆ ಮುಟ್ಟಲೇಬೇಕಾಗಿರುತ್ತದೆ. ಲಡಾಖಿನಲ್ಲಿ ಇದು ಇನ್ನೂ ಕಷ್ಟ. ಲೇಹ್ ಪಟ್ಟಣವೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಖರ್ದುಂಗ್ ಲಾ ಎಂಬ ಘಟ್ಟದ ದಾರಿ 5,000 ಮೀಟರ್ ದಾಟುತ್ತದೆ. ಅಷ್ಟು ಎತ್ತರದಲ್ಲಿ ತಲೆನೋವು, ವಾಂತಿ ಯಾರಿಗೆ ಬರುತ್ತದೆಂದು ಮೊದಲೇ ಹೇಳಲಾಗದು, ಗಟ್ಟಿಮುಟ್ಟಾದವರಿಗೂ ಬರಬಹುದು, ಉಲ್ಬಣಿಸಿದರೆ ಕೂಡಲೇ ಕೆಳಗಿಳಿಯಬೇಕು. ಅಲ್ಲಿಯೂ ನಿಮ್ಮ ಗೆಳೆಯ ‘ಏನೂ ಆಗಿಲ್ಲ, ನಡೀರಿ’ ಎಂದೇ ಹೇಳುತ್ತಾನೆ. ಒಬ್ಬನಿಗೆ ತಲೆನೋವು ಬಂದರೂ ಮೂವರೂ ಹಿಂದಿರುಗುವುದೆಂದು ಮನೆಯಲ್ಲಿಯೇ ಮಾತಾಗಲಿ. ಆ ಮಾತು ನಿಮ್ಮಲ್ಲಿ ಯಾರಿಗಾದರೂ ಅವಮಾನವೆನಿಸಿದರೆ ಹೊರಡಬೇಡಿ. ಆ ಹಣದಲ್ಲಿ ಅವರವರ ಊರಿಗೆ ಹೋಗಿ ನಾಲ್ಕು ದಿನ ಅವರ ಕೆಲಸಕ್ಕೆ ಕೈ ಹಚ್ಚಿ.

ತೋಟದ ಗೆಳೆಯ ಇನ್ನೂ ತದಡಿ ನೋಡಿಲ್ಲ. ಶಿರಸಿಯಿಂದ ಬಸ್ಸಿನಲ್ಲೇ ಮೂವರೂ ಹೋಗಿಬರೋಣವೇ ಎಂದು ಈ ಸಲ ಕೇಳಬೇಕೆಂದಿದ್ದೇನೆ, ಕೊಯ್ಲು ಮುಗಿದ ಮೇಲೆ.