ಮೊದಲು ಪೊಳ್ಳು, ಆಮೇಲೆ ಶಿಲ್ಪ

ಅಮೆರಿಕದಲ್ಲಿರುವ ಓದುಗರೊಬ್ಬರ ಪ್ರಶ್ನೆ: ತಂದೆಯ ಅಸ್ಥಿಯನ್ನು ಪಶ್ಚಿಮವಾಹಿನಿಯಲ್ಲಿ ಬಿಟ್ಟು, ಒಂದು ಹಿಡಿಯಷ್ಟನ್ನು ಉಳಿಸಿಕೊಂಡಿದ್ದೇವೆ. ಶಿವಾರಪಟ್ಟಣದಲ್ಲಿ ಬಳಪದ ಕಲ್ಲಿನ ತಾವರೆ ಮೊಗ್ಗು ಕೊಂಡು, ಆಮೇಲೆ ಅದಕ್ಕೆ ತೂತು ಕೊರೆಸಿ ಅಸ್ಥಿ ಇಟ್ಟು, ಇಲ್ಲಿಯ ತೋಟದಲ್ಲಿ ಇರಿಸಬಹುದೇ?

ಸಂಪಾದಕರ ಉತ್ತರ: ಸಿದ್ಧ ಶಿಲ್ಪ ಕೊಳ್ಳಬೇಡಿ. ದಳಗಳ ನಡುವಿನ ಗೆರೆ ಆಳವಾಗಿರುವ ಕಡೆ ಕಲ್ಲು ತೆಳುವಾಗಿರುತ್ತದೆ. ಒಳಗಿಂದ ಕೊರೆಯುವಾಗಿನ ಅದುರಾಟಕ್ಕೆ ಕಲ್ಲು ಸೀಳುವುದು ಅಲ್ಲಿಯೇ. ಕಲ್ಲು ಇನ್ನೂ ಚೌಕದ ದಿಮ್ಮಿಯಾಗಿರುವಾಗಲೇ ಪೊಳ್ಳು ತೆಗೆಸಿ, ಆಮೇಲೆ ಹೊರಗೆ ಕೆತ್ತಿಸಿ.

ಅಳತೆ ಹೀಗೆ. ವಯಸ್ಕರೊಬ್ಬರ ಪೂರ್ತಿ ಬೂದಿಗೆ ಪಾಶ್ಚಾತ್ಯ ತಯಾರಕರು ಹಿಡಿಯುವ ಲೆಕ್ಕ ಸುಮಾರು 3.3 ಲೀಟರ್. ಅದು ಯಂತ್ರದಲ್ಲಿ ಪುಡಿ ಮಾಡಿದ ಬೂದಿಯ ಲೆಕ್ಕ. ಸೌದೆಯ ಚಿತೆಯಿಂದ ಆಯ್ದ ಅಸ್ಥಿ ತುಂಡುತುಂಡಾಗಿರುತ್ತದೆ, ಹಾಗಾಗಿ ಬಾಯಿ ಅಗಲವಿರಬೇಕು. ನಿಮಗೆ 8 ಸೆಂ.ಮೀ. ಅಗಲ, 9 ಸೆಂ.ಮೀ. ಆಳ ಸಾಕು, ಸುಮಾರು 450 ಮಿ.ಲೀ. ಹಿಡಿಯುತ್ತದೆ. ಸುತ್ತ ಗೋಡೆ ಎಲ್ಲೂ 2.5 ಸೆಂ.ಮೀ.ಗಿಂತ ಕಡಿಮೆ ಬೇಡ. 16×16×20 ಸೆಂ.ಮೀ. ದಿಮ್ಮಿ ಎಂದರೆ 14 ಕಿಲೊ. ಕೆತ್ತಿದ ಮೇಲೆ ಇನ್ನಷ್ಟು ಇಳಿಯುತ್ತದೆ.

ದಿಮ್ಮಿಯನ್ನು ತಟ್ಟಿ ನೋಡಿ, ದನಿ ಮಂಕಾದರೆ ಬಿಡಿ. ನೀರು ಸುರಿದು ಒಣಗಲು ಬಿಟ್ಟರೆ ಬಿರುಕಿದ್ದಲ್ಲಿ ಒದ್ದೆ ಗೆರೆ ಉಳಿಯುತ್ತದೆ. ವಜ್ರದ ಹಲ್ಲಿನ ಕೊಳವೆ ಬಿಟ್‌ನಿಂದ, ನೀರು ಬಿಡುತ್ತಲೇ ಕೊರೆಯಬೇಕು. ಕೆಲವು ಬಳಪದ ಕಲ್ಲುಗಳಲ್ಲಿ ಆಸ್ಬೆಸ್ಟಾಸ್ ನಾರು ಇರುವುದುಂಟು, ಒಣ ಧೂಳು ಶ್ವಾಸಕೋಶಕ್ಕೆ ಕೇಡು.

ಬಾಯಿ ಎಲ್ಲಿರಬೇಕು? ಇಟಲಿಯ ಕಿಯಾಂಚಾನೊದಲ್ಲಿ ಸಿಕ್ಕ, ಕ್ರಿ.ಪೂ. 5ನೇ ಶತಮಾನದ ಎಟ್ರುಸ್ಕನ್ (ರೋಮನ್ನರಿಗೂ ಮೊದಲು ಅಲ್ಲಿ ಬಾಳಿದ ಜನ) ಶಿಲ್ಪವೊಂದು ಫ್ಲಾರೆನ್ಸ್‌ನ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿದೆ: ಮಗುವನ್ನು ಮಡಿಲಲ್ಲಿಟ್ಟು ಕುಳಿತ ಹೆಂಗಸು. ಒಡಲು ಪೊಳ್ಳು, ಬೂದಿ ಒಳಗೆ, ತಲೆಯೇ ಮುಚ್ಚಳ. ಜಾಣತನದ ಕೆಲಸ, ಆದರೆ ಅದು ಇದ್ದದ್ದು ಗೋರಿಯೊಳಗೆ. ತೋಟದಲ್ಲಿ ಮೇಲಿನ ಜೋಡಣೆ ಮಳೆ ಕುಡಿಯುತ್ತದೆ. ಒಳಗೆ ನಿಂತ ನೀರು ಚಳಿಗೆ ಹೆಪ್ಪುಗಟ್ಟಿದರೆ ಶೇ 9ರಷ್ಟು ಹಿಗ್ಗಿ ಕಲ್ಲನ್ನು ಸೀಳುತ್ತದೆ. ಆದ್ದರಿಂದ ಕೆಳಗಿನಿಂದ ಕೊರೆಸಿ, ಮೆಟ್ಟಿಲಂಚು ಇರುವ ಕಲ್ಲಿನ ಬಿರಡೆ ಕೂರಿಸಿ. ಸುತ್ತ 2 ಮಿ.ಮೀ. ಸಂದು ಬಿಟ್ಟು ಕಲ್ಲಿಗೆಂದೇ ಮಾಡಿದ ನ್ಯೂಟ್ರಲ್ ಸಿಲಿಕೋನ್ ಅಂಟು ತುಂಬಿಸಿ. ವಿನೆಗರ್ ವಾಸನೆಯದು ಬೇಡ. ಅಮೃತಶಿಲೆಯಾದರೆ ಅದು ಕಲ್ಲನ್ನೇ ತಿನ್ನುತ್ತದೆ. ಎಪಾಕ್ಸಿ ಅಂಟು ಹಾಕಿದರೆ ಮುಂದೆ ಒಡೆಯದೆ ತೆಗೆಯಲಾಗದು. ಅಸ್ಥಿ ದಪ್ಪ ಪಾಲಿಥಿನ್‌ನ ಎರಡು ಸುತ್ತಿನಲ್ಲಿರಲಿ. ಶಿಲ್ಪವನ್ನು ಮಣ್ಣಿನ ಮೇಲಲ್ಲ, ಜಲ್ಲಿ ಹಾಸಿನ ಮೇಲೆ ಇಡಿ. ಬಳಪದ ಕಲ್ಲಿಗೆ ಉಗುರು ತಾಗಿದರೂ ಗೀರು ಬೀಳಬಹುದು. ಹುಲ್ಲು ಕತ್ತರಿಸುವ ಯಂತ್ರ ಓಡಾಡುವ ಜಾಗವಾದರೆ ಕೃಷ್ಣಶಿಲೆಯೋ ಗ್ರಾನೈಟೋ ಮೇಲು.

ವಿಮಾನದಲ್ಲಿ ಅಸ್ಥಿಯನ್ನೂ ಶಿಲ್ಪವನ್ನೂ ಬೇರೆಬೇರೆ ಒಯ್ಯಿರಿ. ಎಕ್ಸ್‌ರೇ ಕಲ್ಲಿನ ಗೋಡೆ ದಾಟಿ ಒಳಗನ್ನು ತೋರಿಸದು, ಅಮೆರಿಕದ ತಪಾಸಣೆಯವರು ಅಸ್ಥಿ ಪಾತ್ರೆಯನ್ನು ನೀವು ಕೇಳಿದರೂ ತೆರೆಯುವುದಿಲ್ಲ. ಅಸ್ಥಿ ಮರದ ಅಥವಾ ಪ್ಲಾಸ್ಟಿಕ್ ಡಬ್ಬಿಯಲ್ಲಿ, ದಹನದ ಪ್ರಮಾಣಪತ್ರದೊಂದಿಗೆ ಕೈಚೀಲದಲ್ಲಿರಲಿ. ಖಾಲಿ ಶಿಲ್ಪ ಲಗೇಜಿನಲ್ಲಿ ಹೋಗಲಿ. ತಾವರೆ ಮೊಗ್ಗಿಗೆ ಶಿಲ್ಪಿಯ ರಸೀದಿ ಬಹುಶಃ ಸಾಕು. ಮನಸ್ಸು ಬದಲಾಗಿ ಹೊಯ್ಸಳ ಶೈಲಿಯ ವಿಗ್ರಹ ಮಾಡಿಸಿದರೆ, ಅದು ಪ್ರಾಚ್ಯವಸ್ತುವಲ್ಲ ಎಂಬ ಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ಹೊರಡುವ ಮೊದಲೇ ಪಡೆದಿಟ್ಟುಕೊಳ್ಳಿ.