ಗಾಜಿನ ಲೋಟದ ವಿನೈಲ್ ಅಂಚು ಏಳದಿರಲು

ದಸರಾ ಬೊಂಬೆ ನೋಡಲು ಬರುವವರಿಗೆ ಕೊಡೋಕೆ ವಿನೈಲಿನಲ್ಲಿ (ಹಿಂಬದಿ ಅಂಟಿರುವ ಪ್ಲಾಸ್ಟಿಕ್ ಹಾಳೆ) ಕತ್ತರಿಸಿದ ಗಂಡಭೇರುಂಡ ಅಂಟಿಸಿದ ಲೋಟ, ಎರಡು ಸಲ ತೊಳೆದರೆ ರೆಕ್ಕೆಯ ತುದಿ ಏಳುತ್ತಿದೆ ಅಂದಿರಿ. ಮೊದಲು ಹಾಳೆ ಯಾವುದು ನೋಡಿ. ಒರಾಕಲ್ ಬ್ರ್ಯಾಂಡಿನ 631 ನಂಬರಿನ ಹಾಳೆ ಗೋಡೆಗೆ ಹಚ್ಚಿ ಕೀಳುವಂಥದ್ದು, ಲೋಟಕ್ಕೆ 651 ಬೇಕು. ಮೈಸೂರಲ್ಲಿ ನಂಬರ್ ಪ್ಲೇಟ್, ಬೋರ್ಡ್ ಮಾಡುವ ಅಂಗಡಿಗಳಲ್ಲಿ ಪರ್ಮನೆಂಟ್ ವಿನೈಲ್ ಅಂತ ಕೇಳಿ, ತುಂಡೂ ಕೊಟ್ಟಾರು.

ಅಂಟಿಸುವ ಮೊದಲು ಲೋಟ ಶುಚಿ ಮಾಡೋಕೆ ಪಾತ್ರೆ ತೊಳೆಯುವ ಲಿಕ್ವಿಡ್ ಸಾಲದು, ಅದರ ಪಸೆ ಗಾಜಿನ ಮೇಲೆ ಉಳಿಯುತ್ತೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಆಮೇಲೆ ಆ ಜಾಗ ಮುಟ್ಟಲೇಬೇಡಿ.

ನಿಜವಾದ ತೊಂದರೆ ನಿಮ್ಮ ಡಿಸೈನಿನಲ್ಲೇ ಇದೆ ಅನ್ನಿಸುತ್ತೆ. ಸೂಜಿಯಂಥ ಗರಿತುದಿಗಳೇ ಮೊದಲು ಏಳೋದು. ಅವನ್ನು ಸ್ವಲ್ಪ ದುಂಡಗೆ ಮಾಡಿ, ಚಿತ್ರ ಚಿಕ್ಕದಿರಲಿ. ಬುಡ ಕಿರಿದಾದ ಲೋಟಕ್ಕೆ ಅಗಲದ ಚಿತ್ರ ಸುಕ್ಕಾಗುತ್ತೆ. ಟ್ರಾನ್ಸ್‌ಫರ್ ಟೇಪಿಗೆ (ಕತ್ತರಿಸಿದ ಚಿತ್ರವನ್ನು ಎತ್ತಿ ಲೋಟಕ್ಕೆ ಕೂರಿಸುವ ಟೇಪು) ಅಲ್ಲಲ್ಲಿ ಕತ್ತರಿ ಹಾಕಿ, ಮಧ್ಯದಿಂದ ಹೊರಗೆ ಒತ್ತುತ್ತಾ ಹೋಗಿ. ಟೇಪನ್ನು ನೇರ ಮೇಲಕ್ಕೆ ಎಳೆಯದೆ, ಹಿಂದಕ್ಕೆ ಮಡಚಿ ನಿಧಾನ ಬಿಡಿಸಿ.

ಅಂಟಿಸಿದ ಮೇಲೆ 72 ಗಂಟೆ ನೀರು ತಾಕಿಸಬೇಡಿ. ಆಮೇಲೂ ಕೈಯಲ್ಲೇ ತೊಳೆಯಬೇಕು, ನೆನೆಹಾಕಬಾರದು. ತುಟಿ ತಾಗುವ ಅಂಚಿನಿಂದ ಎರಡು ಬೆರಳು ಜಾಗ ದಯವಿಟ್ಟು ಖಾಲಿ ಬಿಡಿ. ಮಕ್ಕಳೂ ಕುಡಿಯುತ್ತಾರೆ, ಈ ಅಂಟು ಬಾಯಿಗೆ ಹೋಗುವಂಥದ್ದಲ್ಲ.